ಹೆಸರು ಓದಿ ಹೇಳಿದ ಗವರ್ನರ್

(ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು ಒಂದಿಷ್ಟು ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುನ್ನ ಒಂದು ಫೋಟೊದ ವಿಷಯ ಹೇಳಬೇಕು. 1897ನೇ ಇಸವಿಯದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಂಬರ್‌ಲ್ಯಾಂಡ್ ಎಂಬ ಸಣ್ಣ ಊರಲ್ಲಿ ತೆಗೆದದ್ದು. ಒಂದು ಬಂಡಿ ನಿಂತಿದೆ, ಅದರ ಮೇಲೆ ಒಬ್ಬ ಗಿಡ್ಡ ಆಳು ನಿಂತಿದ್ದಾರೆ. ಹಣೆಯಿಂದ ಮೇಲಕ್ಕೆ ಎತ್ತಿ ಬಾಚಿದ ದಟ್ಟ ಕೂದಲು. ಕೆಳಗೆ ಟೋಪಿ ಹಾಕಿದ ರೈತರು. ಅವರಿಗೆ ಏನೋ ಒಂದನ್ನು ಇವತ್ತೇ ಹೇಳಿ ಮುಗಿಸಬೇಕು ಎನ್ನುವ ಹಾಗೆ ಅವರು ಜನರ ಕಡೆ ಬಾಗಿ ಮಾತಾಡುತ್ತಿದ್ದಾರೆ.

ಅವರೇ ರಾಬರ್ಟ್ ಮೇರಿಯನ್ ಲಾ ಫಾಲೆಟ್. ಆ ವರ್ಷ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಹಿಂದಿನ ವರ್ಷವಷ್ಟೇ ಪಕ್ಷದ ಟಿಕೆಟ್ ತಪ್ಪಿತ್ತು. ಸೋತವರು ಸಾಮಾನ್ಯವಾಗಿ ಮನೆಯಲ್ಲಿ ಕೂರುತ್ತಾರೆ, ಇಲ್ಲವೇ ಗೆದ್ದವರ ಬಾಗಿಲಿಗೆ ಹೋಗುತ್ತಾರೆ. ಇವರು ಜಿಲ್ಲಾ ಜಾತ್ರೆಗಳಿಗೆ ಹೋದರು. ದನಗಳ ಪ್ರದರ್ಶನ, ಕುದುರೆ ಓಟ, ಚೀಸ್ ಅಂಗಡಿಗಳ ನಡುವೆ ನಿಂತು ಅವರು ಎತ್ತಿದ್ದು ಒಂದೇ ಪ್ರಶ್ನೆ: ನವೆಂಬರ್‌ನಲ್ಲಿ ನೀವು ಮತ ಹಾಕುತ್ತೀರಿ ಸರಿ, ಆದರೆ ಮತಪತ್ರದ ಮೇಲೆ ಇರುವ ಆ ಹೆಸರನ್ನು ಬರೆದವರು ಯಾರು?

ನನಗೆ ಲಾ ಫಾಲೆಟ್ ಮುಖ್ಯರಾಗುವುದು ಈ ಪ್ರಶ್ನೆಯಿಂದ. ಅವರು ಅಮೆರಿಕದ ಅಧ್ಯಕ್ಷರಾಗಲಿಲ್ಲ. ಸೆನೆಟರ್ ಆಗಿ ಹೆಸರು ಮಾಡಿದರು, ನಿಜ. ಆದರೆ ಅವರು ನಿಜವಾಗಿ ಕಟ್ಟಿದ್ದು ಒಂದು ರಾಜ್ಯದಲ್ಲಿ, 1901ರಿಂದ 1906ರ ಮೊದಲ ದಿನದವರೆಗೆ ಗವರ್ನರ್ ಆಗಿದ್ದಾಗ. ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗೆ ಮೇಲಿನಿಂದ ನೇಮಕವಾದವರಲ್ಲ. ಜನರೇ ನೇರವಾಗಿ ಆರಿಸುವ, ರಾಜ್ಯದ ಆಡಳಿತ ನಡೆಸುವ ಹುದ್ದೆ ಅದು. ಹೆಚ್ಚುಕಡಿಮೆ ಮುಖ್ಯಮಂತ್ರಿ ಎಂದುಕೊಳ್ಳಿ.

ಬಾಲ್ಯದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1855ರ ಜೂನ್ 14ರಂದು ಡೇನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಪ್ರಿಮ್‌ರೋಸ್‌ನಲ್ಲಿ ಹುಟ್ಟು. ಎಂಟು ತಿಂಗಳ ಕೂಸಾಗಿದ್ದಾಗ ತಂದೆ ತೀರಿಕೊಂಡರು. ರಾಜಧಾನಿ ಮ್ಯಾಡಿಸನ್‌ನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓದು, 1879ರಲ್ಲಿ ಪದವಿ. ಓದಿನಲ್ಲಿ ಅಷ್ಟಕ್ಕಷ್ಟೆ, ಭಾಷಣದಲ್ಲಿ ಹುಲಿ. ಶೇಕ್ಸ್‌ಪಿಯರನ ಇಯಾಗೋ ಪಾತ್ರದ ಮೇಲೆ ಮಾತಾಡಿ ಅಂತರರಾಜ್ಯ ಭಾಷಣ ಸ್ಪರ್ಧೆ ಗೆದ್ದಿದ್ದರು. ಸಹಪಾಠಿ ಬೆಲ್ ಕೇಸ್ ಅವರನ್ನು ಮದುವೆಯಾದರು. ಬೆಲ್ ಆ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಮೊದಲ ಮಹಿಳೆ, 1885ರಲ್ಲಿ. ಗಂಡನ ಭಾಷಣ, ಪತ್ರ, ತೀರ್ಮಾನ, ಎಲ್ಲದರ ಹಿಂದೆಯೂ ಅವರಿದ್ದರು. ಬೆಲ್ ಅವರ ಬಗ್ಗೆಯೇ ಇನ್ನೊಂದು ದಿನ ಪೂರ್ತಿ ಮಾತಾಡಬೇಕು, ಇವತ್ತು ಇಷ್ಟಕ್ಕೇ ಬಿಡುತ್ತಿರುವುದಕ್ಕೆ ನನಗೆ ಬೇಸರವಿದೆ.

25ನೇ ವಯಸ್ಸಿಗೆ ಡೇನ್ ಕೌಂಟಿಯ ಸರ್ಕಾರಿ ವಕೀಲರ ಹುದ್ದೆಗೆ ನಿಂತರು. ಸಂಬಳ ವರ್ಷಕ್ಕೆ 800 ಡಾಲರ್. ಊರಿನ ಪೋಸ್ಟ್‌ಮಾಸ್ಟರ್ ಎಲೈಷಾ ಕೀಸ್ ಈ ಹುಡುಗನನ್ನು ಕರೆದು, ನಿನ್ನದು ದಂಡ ಪ್ರಯತ್ನ ಎಂದರು. ಪೋಸ್ಟ್‌ಮಾಸ್ಟರಿಗೂ ಚುನಾವಣೆಗೂ ಏನು ಸಂಬಂಧ ಅನ್ನಿಸಬಹುದು. ಅಂಚೆ ಕಚೇರಿಯ ನೇಮಕ ಪಕ್ಷದ ಕೈಯಲ್ಲಿತ್ತು, ಪಕ್ಷ ಕೀಸ್ ಕೈಯಲ್ಲಿತ್ತು. ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂದು ಅವರು ಹೇಳಿದರೆ ಆಯಿತು. ಹುಡುಗ ಕುದುರೆ ಗಾಡಿ ಹತ್ತಿ ತೋಟದಿಂದ ತೋಟಕ್ಕೆ ಹೋಗಿ ರೈತರನ್ನು ಒಬ್ಬೊಬ್ಬರನ್ನಾಗಿ ಕಂಡ, ಗೆದ್ದ. 1884ರಲ್ಲಿ ವಾಷಿಂಗ್ಟನ್ನಿನ ಕೆಳಮನೆಗೆ ಆಯ್ಕೆಯಾಗಿ ಮೂರು ಅವಧಿ ಇದ್ದರು. 1890ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷಕ್ಕೇ ಏಟು ಬಿತ್ತು, ಇವರೂ ಸೋತರು. ಅಲ್ಲಿಯವರೆಗೆ ಅವರು ಪಕ್ಷ ಹೇಳಿದಂತೆ ನಡೆಯುವ ರಿಪಬ್ಲಿಕನ್ನರೇ. ಇದನ್ನು ನಾನು ಮುಚ್ಚಿಡುವುದಿಲ್ಲ.

ಬದಲಾದದ್ದು 1891ರ ಸೆಪ್ಟೆಂಬರ್ 17ರಂದು, ಮಿಲ್ವಾಕಿಯ ಪ್ಲ್ಯಾಂಕಿಂಟನ್ ಹೌಸ್ ಎಂಬ ಹೋಟೆಲಿನಲ್ಲಿ. ಹಿನ್ನೆಲೆ ಇಷ್ಟು. ರಾಜ್ಯದ ಖಜಾನೆ ಹಣವನ್ನು ಖಜಾಂಚಿಗಳು ಬ್ಯಾಂಕುಗಳಲ್ಲಿ ಇಡುತ್ತಿದ್ದರು, ಬಂದ ಬಡ್ಡಿಯನ್ನು ತಾವೇ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬಹಳ ಕಾಲ ಇದನ್ನು ಯಾರೂ ತಪ್ಪು ಎಂದಿರಲಿಲ್ಲ. 1890ರಲ್ಲಿ ಡೆಮಾಕ್ರಟರು ಗೆದ್ದು ಬಂದು ಆ ಬಡ್ಡಿ ವಾಪಸ್ ಕೊಡಿ ಎಂದು ದಾವೆ ಹೂಡಿದರು. ಖಜಾಂಚಿಗೆ ಜಾಮೀನು ನಿಂತಿದ್ದವರು ಸೆನೆಟರ್ ಫೈಲೀಟಸ್ ಸಾಯರ್. ಮರದ ವ್ಯಾಪಾರದಲ್ಲಿ ಕೋಟ್ಯಧೀಶರಾದವರು, ವಿಸ್ಕಾನ್ಸಿನ್ ರಿಪಬ್ಲಿಕನ್ ಪಕ್ಷದ ಯಜಮಾನರು. ಮೊಕದ್ದಮೆ ಬಂದದ್ದು ನ್ಯಾಯಾಧೀಶ ರಾಬರ್ಟ್ ಸೀಬೆಕರ್ ಮುಂದೆ. ಸೀಬೆಕರ್ ಲಾ ಫಾಲೆಟ್ ಅವರ ಅಕ್ಕನ ಗಂಡ.

ಸಾಯರ್ ಹೋಟೆಲಿಗೆ ಕರೆಸಿಕೊಂಡರು. ಲಾ ಫಾಲೆಟ್ ಹೇಳುವ ಪ್ರಕಾರ ಸಾಯರ್ ಪರ್ಸು ತೆಗೆದರು, ತೀರ್ಪು ‘ಸರಿಯಾಗಿ’ ಬಂದರೆ ಇನ್ನಷ್ಟು ಕೊಡುತ್ತೇನೆ ಎಂದರು. ಸಾಯರ್ ಹೇಳುವ ಪ್ರಕಾರ ಅವರು ಒಬ್ಬ ವಕೀಲರನ್ನು ಗೊತ್ತು ಮಾಡಲು ಹೋಗಿದ್ದರು, ಅಷ್ಟೆ. ನ್ಯಾಯಾಧೀಶರ ನೆಂಟಸ್ತಿಕೆ ತಮಗೆ ಗೊತ್ತೇ ಇರಲಿಲ್ಲ. ಅಲ್ಲಿ ಮೂರನೆಯವರು ಇರಲಿಲ್ಲ. ಹೀಗಾಗಿ ಇದು ಕೊನೆಯವರೆಗೂ ಒಬ್ಬರ ಮಾತಿಗೆ ಎದುರಾಗಿ ಇನ್ನೊಬ್ಬರ ಮಾತಾಗಿಯೇ ಉಳಿಯಿತು. ನಾನು ಲಾ ಫಾಲೆಟ್ ಅವರನ್ನು ನಂಬುತ್ತೇನೆ. ಆ ಮಾತು ಆಡಿದ್ದರಿಂದ ಅವರಿಗೆ ದಕ್ಕಿದ್ದು ಏನೂ ಇಲ್ಲ, ಕಳೆದುಕೊಂಡದ್ದು ಎಲ್ಲ. ವಿಷಯ ಭಾವನ ಕಿವಿಗೆ ಮುಟ್ಟಿಸಿದರು. ಸೀಬೆಕರ್ ಆ ಮೊಕದ್ದಮೆಯಿಂದ ಹಿಂದೆ ಸರಿದರು. ಪತ್ರಿಕೆಗಳಲ್ಲಿ ರಂಪವಾಯಿತು. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕುತ್ತಿದ್ದ ಪಕ್ಷದವರು ಮ್ಯಾಡಿಸನ್ ಬೀದಿಯಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸಿದರು.

ಈಗ ಆ ಕಾಲದ ಟಿಕೆಟ್ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಾರ್ಡ್ ಮಟ್ಟದಲ್ಲಿ ಕಾಕಸ್ ಎಂಬ ಸಭೆ. ಅಲ್ಲಿ ಸೇರಿದ ಕೆಲವರು ಪ್ರತಿನಿಧಿಗಳನ್ನು ಆರಿಸುತ್ತಾರೆ. ಆ ಪ್ರತಿನಿಧಿಗಳು ಕೌಂಟಿ ಸಮಾವೇಶದಲ್ಲಿ ಸೇರಿ ರಾಜ್ಯ ಸಮಾವೇಶಕ್ಕೆ ಇನ್ನು ಕೆಲವರನ್ನು ಕಳಿಸುತ್ತಾರೆ. ಅವರು ಅಭ್ಯರ್ಥಿಯ ಹೆಸರು ಹೇಳುತ್ತಾರೆ. ಮೆಟ್ಟಿಲು ಏರಿದಂತೆಲ್ಲ ಜನ ಕಡಿಮೆ, ಕೊಳ್ಳುವುದು ಸುಲಭ. ಪ್ರತಿನಿಧಿಗಳು ಸಮಾವೇಶಕ್ಕೆ ಬರುತ್ತಿದ್ದುದು ರೈಲು ಕಂಪನಿಗಳು ಕೊಟ್ಟ ಪುಕ್ಕಟೆ ಪಾಸಿನಲ್ಲಿ. ಶಾಸಕರಿಗೂ ಪಾಸು, ನ್ಯಾಯಾಧೀಶರಿಗೂ ಪಾಸು, ಪತ್ರಿಕಾ ಸಂಪಾದಕರಿಗೂ ಪಾಸು. ರೈಲ್ವೆ ಮತ್ತು ಮರದ ಕಂಪನಿಗಳಿಗೆ ಬೇಕಾದವರು ಮಾತ್ರ ಆ ಕೊನೆಯ ಮೆಟ್ಟಿಲು ದಾಟುತ್ತಿದ್ದರು. ಜನ ಇದಕ್ಕೆ ‘ಮಷೀನ್’ ಎಂದೇ ಹೆಸರಿಟ್ಟಿದ್ದರು.

1896ರಲ್ಲಿ ಲಾ ಫಾಲೆಟ್ ಗವರ್ನರ್ ಟಿಕೆಟ್ ಕೇಳಿಕೊಂಡು ಸಮಾವೇಶಕ್ಕೆ ಬಂದಾಗ ಗೆಲ್ಲುವಷ್ಟು ಪ್ರತಿನಿಧಿಗಳು ತಮ್ಮ ಜೊತೆಗಿದ್ದಾರೆ ಎಂದೇ ನಂಬಿದ್ದರು. ಹಿಂದಿನ ರಾತ್ರಿ ಮಿಲ್ವಾಕಿಯ ಚಾರ್ಲ್ಸ್ ಫಿಸ್ಟರ್ ಎಂಬ ಧನಿಕ ಮುಖಂಡರು ಬಂದು, ನಿಮ್ಮ ಪ್ರತಿನಿಧಿಗಳು ನಮ್ಮ ಕಡೆ ಬಂದಾಯಿತು ಎಂದು ತಿಳಿಸಿದರಂತೆ. ಇದನ್ನು ಲಾ ಫಾಲೆಟ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಣ ತೋರಿಸಿದ್ದನ್ನು ಕೆಲವು ಪ್ರತಿನಿಧಿಗಳೇ ಬಂದು ಹೇಳಿದರು ಎಂದೂ ಬರೆದಿದ್ದಾರೆ. ಬೆಳಿಗ್ಗೆ ಟಿಕೆಟ್ ಎಡ್ವರ್ಡ್ ಸ್ಕೋಫೀಲ್ಡ್ ಪಾಲಾಯಿತು. 1898ರಲ್ಲೂ ಹಾಗೇ ಆಯಿತು.

ಎರಡು ಸೋಲಿನ ನಡುವೆ, 1897ರ ಫೆಬ್ರವರಿ 22ರಂದು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರು ತಮ್ಮ ಔಷಧ ಹೇಳಿದರು. ಕಾಕಸ್ ಬೇಡ, ಸಮಾವೇಶ ಬೇಡ. ಪಕ್ಷದ ಅಭ್ಯರ್ಥಿ ಯಾರು ಎಂಬುದನ್ನೂ ಮತದಾರರೇ ಗುಟ್ಟಿನ ಮತದಾನದಲ್ಲಿ ತೀರ್ಮಾನಿಸಲಿ. ಇವತ್ತು ಅಮೆರಿಕದ ಚುನಾವಣೆ ಬಂದಾಗ ನಾವು ಟಿವಿಯಲ್ಲಿ ಕೇಳುವ ‘ಪ್ರೈಮರಿ’ ಇದೇ. ಆ ಬಂಡಿಯ ಮೇಲಿನ ಭಾಷಣವೂ ಇದರದ್ದೇ.

1900ರಲ್ಲಿ ಟಿಕೆಟ್ ಸಿಕ್ಕಿತು. ಹೇಗೆ ಎಂಬುದನ್ನು ಮೆಚ್ಚುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಐಸಾಕ್ ಸ್ಟೀಫನ್‌ಸನ್ ಎಂಬ ಮರದ ಕೋಟ್ಯಧೀಶರಿಗೆ ಸೆನೆಟ್ ಸ್ಥಾನ ತಪ್ಪಿತ್ತು. ಆ ಸಿಟ್ಟಿನಲ್ಲಿ ಅವರು ಇವರ ಬೆನ್ನಿಗೆ ನಿಂತು ಹಣ ಹಾಕಿದರು, ಮುಂದೆ ಇವರಿಗಾಗಿ ಪತ್ರಿಕೆಯನ್ನೂ ತೆರೆದರು. ಲಾ ಫಾಲೆಟ್ ಕೂಡ ಆ ವರ್ಷ ದನಿ ತಗ್ಗಿಸಿ ಮಾತಾಡಿದರು, ರೈಲ್ವೆಯವರು ಸುಮ್ಮನಿದ್ದರು. 200ಕ್ಕೂ ಹೆಚ್ಚು ಭಾಷಣ ಮಾಡಿ, 1 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ವಿಸ್ಕಾನ್ಸಿನ್‌ನಲ್ಲೇ ಹುಟ್ಟಿ ಅಲ್ಲಿಯ ಗವರ್ನರ್ ಆದ ಮೊದಲಿಗರು ಅವರು.

ಅಧಿಕಾರಕ್ಕೆ ಬಂದ ಮೇಲೆ ದನಿ ತಗ್ಗಲಿಲ್ಲ. ಗವರ್ನರ್ ಸಂದೇಶವನ್ನು ಗುಮಾಸ್ತರು ಓದುವುದು ವಾಡಿಕೆ. ಇವರು 1901ರಲ್ಲಿ ತಾವೇ ಶಾಸನಸಭೆಗೆ ಹೋಗಿ ನಿಂತು ಓದಿದರು. ಕೇಳಿದ್ದು ಎರಡು: ಪ್ರೈಮರಿ ಮತ್ತು ರೈಲ್ವೆ ತೆರಿಗೆ. ತೆರಿಗೆ ಆಯೋಗದ ಲೆಕ್ಕ ಅವರ ಮುಂದಿತ್ತು. ರೈತನ ಹೊಲ ಮನೆ ತನ್ನ ಮಾರುಕಟ್ಟೆ ಬೆಲೆಯ ಶೇ 1.19ರಷ್ಟು ತೆರಿಗೆ ಕಟ್ಟುತ್ತಿದ್ದರೆ ರೈಲು ಕಂಪನಿಗಳು ಕಟ್ಟುತ್ತಿದ್ದುದು ಶೇ 0.53. ಹಳ್ಳಿಯವರು ಅರ್ಥ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಆದರೆ ಎರಡೂ ಮಸೂದೆ ಬಿದ್ದವು. ಪ್ರೈಮರಿಯ ಹೆಸರಲ್ಲಿ ಕೌಂಟಿ ಮಟ್ಟದ ಹುದ್ದೆಗಳಿಗೆ ಮಾತ್ರ ಅನ್ವಯಿಸುವ ಒಂದು ತುಂಡು ಮಸೂದೆಯನ್ನು ಅವರ ಮುಂದೆ ಇಟ್ಟರು. ಸಿಕ್ಕಷ್ಟು ಬರಲಿ ಎಂದು ಬಹಳ ಜನ ಸಹಿ ಹಾಕುತ್ತಿದ್ದರು. ಅವರು ಅದನ್ನು ತಿರಸ್ಕರಿಸಿ ವಾಪಸ್ ಕಳಿಸಿದರು. ಅರ್ಧ ರೊಟ್ಟಿ ಹಸಿವನ್ನು ಮರೆಸಿಬಿಡುತ್ತದೆ, ಆಮೇಲೆ ಇಡೀ ರೊಟ್ಟಿಗೆ ಯಾರೂ ಬಡಿದಾಡುವುದಿಲ್ಲ ಎಂಬುದು ಅವರ ನಂಬಿಕೆ. ಮೇಲ್ಮನೆ ಅವರ ಮೇಲೆ ಖಂಡನಾ ನಿರ್ಣಯ ಮಾಡಿತು. ಆ ವರ್ಷವೇ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ವಿರೋಧಿಗಳು ಮಿಲ್ವಾಕಿಯ ಒಂದು ಕಟ್ಟಡದ 11ನೇ ಅಂತಸ್ತಿನಲ್ಲಿ ಕಚೇರಿ ತೆರೆದರು. ಜನ ಅದನ್ನು ‘ಹನ್ನೊಂದನೇ ಅಂತಸ್ತಿನ ಲೀಗ್’ ಎಂದು ಕರೆದರು. ಮಿಲ್ವಾಕಿಯ ದೊಡ್ಡ ಪತ್ರಿಕೆಯನ್ನು ಅದೇ ಫಿಸ್ಟರ್ ಕೊಂಡುಕೊಂಡರು.

1902ರಲ್ಲಿ ಜನ ಮತ್ತೆ ಗೆಲ್ಲಿಸಿದರು. 1903ರಲ್ಲಿ ರೈಲ್ವೆ ತೆರಿಗೆ ಕಾನೂನಾಯಿತು. ಪ್ರೈಮರಿ ಮಸೂದೆಯೂ ಪಾಸಾಯಿತು, ಆದರೆ 1904ರ ನವೆಂಬರ್‌ನಲ್ಲಿ ಜನಮತ ಸಿಕ್ಕರೆ ಮಾತ್ರ ಜಾರಿ ಎಂಬ ಷರತ್ತಿನ ಮೇಲೆ. ಸಾಗಣೆ ದರ ನೋಡಿಕೊಳ್ಳುವ ರೈಲ್ವೆ ಆಯೋಗದ ಮಸೂದೆ ಮಾತ್ರ ಬಿತ್ತು. ಇಲ್ಲಿ ಒಬ್ಬರ ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ. ಆಲ್ಬರ್ಟ್ ಹಾಲ್, ಡನ್ ಕೌಂಟಿಯ ಶಾಸಕರು. ಲಾ ಫಾಲೆಟ್ ಇನ್ನೂ ಪಕ್ಷದ ಒಳ್ಳೆಯ ಹುಡುಗನಾಗಿದ್ದ ಕಾಲದಿಂದಲೇ ಪುಕ್ಕಟೆ ಪಾಸು ನಿಲ್ಲಿಸಿ, ರೈಲ್ವೆಗೆ ಆಯೋಗ ಮಾಡಿ ಎಂದು ಅಧಿವೇಶನದಿಂದ ಅಧಿವೇಶನಕ್ಕೆ ಸೋಲುತ್ತ ಮಸೂದೆ ತರುತ್ತಿದ್ದವರು. ಪಾಸು ನಿಷೇಧ 1899ರಲ್ಲಿ ಆಯಿತು. ಹೆಸರು ಬಂದದ್ದು ಗವರ್ನರಿಗೆ, ಉತ್ತು ಬಿತ್ತಿದ್ದು ಹಾಲ್.

ಇನ್ನು 1904. ಈ ಒಂದು ವರ್ಷದ ಮೇಲೆ ಸ್ವಲ್ಪ ನಿಲ್ಲುತ್ತೇನೆ.

ಫೆಬ್ರವರಿ ಕೊನೆಯಲ್ಲಿ ಒಂದು ರಾತ್ರಿ ಮ್ಯಾಡಿಸನ್‌ನ ಶಾಸನ ಭವನಕ್ಕೆ ಬೆಂಕಿ ಬಿತ್ತು. ಗ್ಯಾಸ್ ದೀಪದ ಉರಿ ಹೊಸದಾಗಿ ವಾರ್ನಿಷ್ ಬಳಿದ ಚಾವಣಿಗೆ ತಗುಲಿತ್ತು. ಕಟ್ಟಡದ ವಿಮೆ ಸ್ವಲ್ಪ ಮುಂಚೆಯಷ್ಟೇ ಮುಗಿದಿತ್ತು. ವಿದ್ಯಾರ್ಥಿಗಳು ಓಡಿ ಬಂದು ಕಾನೂನು ಗ್ರಂಥಾಲಯದ ಪುಸ್ತಕಗಳನ್ನು ಹೊತ್ತು ಹೊರಗೆ ಸಾಗಿಸಿದರು. ಆ ಚಳಿಯಲ್ಲಿ, ಹೊಗೆಯಲ್ಲಿ ಗವರ್ನರ್ ಖುದ್ದು ನಿಂತು ಕೆಲಸ ಮಾಡಿಸಿದರು.

ಮೇ ತಿಂಗಳಲ್ಲಿ ಪಕ್ಷದ ರಾಜ್ಯ ಸಮಾವೇಶ. ಕಾನೂನು ಇನ್ನೂ ಜಾರಿಯಾಗಿರಲಿಲ್ಲವಲ್ಲ, ಟಿಕೆಟ್ ಹಳೆಯ ಪದ್ಧತಿಯಲ್ಲೇ ಆಗಬೇಕಿತ್ತು. ಜಾಗ ವಿಶ್ವವಿದ್ಯಾಲಯದ ವ್ಯಾಯಾಮಶಾಲೆ. ಮೆಂಡೋಟಾ ಸರೋವರದ ದಡದಲ್ಲಿ ಕೆಂಪು ಇಟ್ಟಿಗೆಯ, ಕೋಟೆಯಂತೆ ಬುರುಜುಗಳಿರುವ ಕಟ್ಟಡ ಅದು. ಇವತ್ತಿಗೂ ಇದೆ, ‘ರೆಡ್ ಜಿಮ್’ ಎನ್ನುತ್ತಾರೆ. ಎದುರಾಳಿಗಳು ನಕಲಿ ಬ್ಯಾಡ್ಜ್ ಹಾಕಿಸಿ ಜನ ನುಗ್ಗಿಸುತ್ತಾರೆ ಎಂಬ ಭಯ ಲಾ ಫಾಲೆಟ್ ಕಡೆಯವರಿಗೆ. ಬಾಗಿಲಿಗೆ ಮುಳ್ಳುತಂತಿ ಎಳೆದು, ಒಬ್ಬೊಬ್ಬರೇ ನುಸುಳುವಷ್ಟು ಇಕ್ಕಟ್ಟಾದ ದಾರಿ ಮಾಡಿದರು. ಕಾವಲಿಗೆ ವಿಶ್ವವಿದ್ಯಾಲಯದ ಫುಟ್ಬಾಲ್ ಆಟಗಾರರನ್ನು ನಿಲ್ಲಿಸಿದರು. ಜನರ ಕೈಗೆ ಪಕ್ಷ ಕೊಡಬೇಕು ಎನ್ನುವವರು ಪಕ್ಷದ ಬಾಗಿಲಿಗೆ ಮುಳ್ಳುತಂತಿ ಕಟ್ಟಬೇಕಾಯಿತು. ಆ ಚಿತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ. ಹಳೆಯ ಪದ್ಧತಿ ಎಷ್ಟು ಕೊಳೆತಿತ್ತು ಎಂಬುದಕ್ಕೂ ಅದೇ ಸಾಕ್ಷಿ.

ವಿರೋಧಿ ಬಣ ಎದ್ದು ಹೊರನಡೆದು ಫುಲ್ಲರ್ ಒಪೆರಾ ಹೌಸಿನಲ್ಲಿ ಪ್ರತ್ಯೇಕ ಸಮಾವೇಶ ಮಾಡಿ ತಮ್ಮದೇ ಅಭ್ಯರ್ಥಿ ಆರಿಸಿತು. ರಾಷ್ಟ್ರೀಯ ಪಕ್ಷ ಆ ಬಣವನ್ನೇ ಮಾನ್ಯ ಮಾಡಿತು. ಅಕ್ಟೋಬರ್ 5ರಂದು ರಾಜ್ಯದ ಸುಪ್ರೀಂ ಕೋರ್ಟ್ ಮಾತ್ರ ಲಾ ಫಾಲೆಟ್ ಪರ ತೀರ್ಪು ಕೊಟ್ಟಿತು. ಅದೇ ತಿಂಗಳು ಲಿಂಕನ್ ಸ್ಟೆಫೆನ್ಸ್ ಎಂಬ ಪತ್ರಕರ್ತರ ದೊಡ್ಡ ಲೇಖನ ಬಂತು, ಇಡೀ ದೇಶ ವಿಸ್ಕಾನ್ಸಿನ್ ಕಡೆ ತಿರುಗಿ ನೋಡಿತು.

ಆದರೆ ನನ್ನ ಪಾಲಿಗೆ ಆ ವರ್ಷದ ನಿಜವಾದ ಕಥೆ ಊರೂರಿನ ಸಭೆಗಳದ್ದು. ತಾವು ಗೆದ್ದರೆ ಸಾಲದು, ಮಸೂದೆ ಬೀಳಿಸುವ ಶಾಸಕರು ಸೋಲಬೇಕು. ಅವರು ತಮ್ಮದೇ ಪಕ್ಷದವರಾದರೂ ಸರಿ. ಹಾಗಾಗಿ ಲಾ ಫಾಲೆಟ್ ಮತದಾನದ ಕಡತ ಹಿಡಿದುಕೊಂಡು ಹೊರಟರು. ವೇದಿಕೆ ಹತ್ತಿ ಮೊದಲು ಮಸೂದೆ ಏನು ಎಂದು ವಿವರಿಸುವುದು. ನಿಮ್ಮ ಊರಿನಿಂದ ಗೋಧಿ ಸಾಗಿಸಲು ಇಷ್ಟು, ಪಕ್ಕದ ಅಯೋವಾದಲ್ಲಿ ಇಷ್ಟೇ ದೂರಕ್ಕೆ ಇಷ್ಟು ಎಂದು ಅಂಕಿ ಓದುವುದು. ಆಮೇಲೆ, ಈ ಮಸೂದೆಗೆ ನಿಮ್ಮ ಶಾಸಕರು ಹೇಗೆ ಮತ ಹಾಕಿದರು ಎಂದು ಹೆಸರು ಹಿಡಿದು ಹೇಳುವುದು. ಮುಂದಿನ ಮಸೂದೆ, ಮತ್ತೆ ಅದೇ ಹೆಸರು, ಮತ್ತೆ ‘ವಿರುದ್ಧ’. ಬೈಗುಳವಿಲ್ಲ, ಆರೋಪವಿಲ್ಲ, ಸರ್ಕಾರಿ ದಾಖಲೆಯಲ್ಲಿ ಇದ್ದದ್ದು ಅಷ್ಟೆ.

ನಮಗೆ ಇದು ಸಾಮಾನ್ಯ ಎನಿಸಬಹುದು. ಆಗ ಅದು ಮರ್ಯಾದೆಗೇಡು ಎಂದೇ ಎಣಿಸಿದರು. ಸಭೆಯ ಒಳಗೆ ಆದದ್ದನ್ನು ಬೀದಿಗೆ ತರುವುದೇ, ಅದೂ ಗವರ್ನರ್ ಆದವರು, ಅದೂ ಸ್ವಪಕ್ಷದವರ ವಿರುದ್ಧ? ಹಳ್ಳಿಯ ರೈತನಿಗೆ ತನ್ನ ಶಾಸಕ ಗೊತ್ತು, ಮದುವೆಗೆ ಬರುತ್ತಾನೆ, ಚರ್ಚಿನಲ್ಲಿ ಪಕ್ಕದಲ್ಲಿ ಕೂರುತ್ತಾನೆ. ಮ್ಯಾಡಿಸನ್‌ನಲ್ಲಿ ಅವನು ಏನು ಮಾಡುತ್ತಾನೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗುಟ್ಟೇನೂ ಇರಲಿಲ್ಲ, ಓದಿ ಹೇಳುವವರು ಇರಲಿಲ್ಲ.

ನವೆಂಬರ್‌ನಲ್ಲಿ ಮೂರನೇ ಸಲ ಗೆದ್ದರು. ಪ್ರೈಮರಿ ಕಾನೂನಿಗೆ ಸುಮಾರು 50,000 ಮತಗಳ ಅಂತರದ ಜನಮತ ಸಿಕ್ಕಿತು. 1905ರಲ್ಲಿ ರೈಲ್ವೆ ಆಯೋಗ ಬಂತು, ಸರ್ಕಾರಿ ನೌಕರಿಗೆ ಪರೀಕ್ಷೆ ಮೂಲಕ ನೇಮಕದ ಕಾನೂನು ಬಂತು. ಅದನ್ನು ಬರೆಯಲು ನೆರವಾದವರು ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್. ಶಾಸಕರಿಗೆ ಮಸೂದೆ ಬರೆಯಲು ಮಾಹಿತಿ ಒದಗಿಸುವ ಗ್ರಂಥಾಲಯವನ್ನು 1901ರಿಂದ ಚಾರ್ಲ್ಸ್ ಮೆಕಾರ್ಥಿ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಮಸೂದೆ ಬರೆದುಕೊಡಲು ಕಂಪನಿಗಳ ವಕೀಲರು ಸದಾ ಸಿದ್ಧರಿರುತ್ತಿದ್ದರು ಎಂಬುದನ್ನು ನೆನೆದರೆ ಅದರ ಬೆಲೆ ಗೊತ್ತಾಗುತ್ತದೆ. ಸರ್ಕಾರವೂ ವಿಶ್ವವಿದ್ಯಾಲಯವೂ ಕೂಡಿ ಕೆಲಸ ಮಾಡುವ ಈ ರೀತಿಗೆ ಮುಂದೆ ‘ವಿಸ್ಕಾನ್ಸಿನ್ ಐಡಿಯಾ’ ಎಂಬ ಹೆಸರು ಬಂತು. 1911ರ ಕಾರ್ಮಿಕರ ಪರಿಹಾರ ಕಾನೂನು, ರಾಜ್ಯ ಆದಾಯ ತೆರಿಗೆ ಈ ನೆಲದಲ್ಲೇ ಬೆಳೆದವು.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಮಷೀನ್ ಮುರಿಯಲು ಹೊರಟವರು ತಮ್ಮದೇ ಒಂದನ್ನು ಕಟ್ಟಿಕೊಂಡರು. ಬೇಟೆ ನಿಯಂತ್ರಣದ ಸರ್ಕಾರಿ ವಾರ್ಡನ್‌ಗಳು ಅವರ ಚುನಾವಣಾ ಕೆಲಸ ಮಾಡುತ್ತಿದ್ದರು. ತಮ್ಮನ್ನು ಒಪ್ಪದ ಗೆಳೆಯರನ್ನು ದ್ರೋಹಿಗಳೆಂದು ಬಹಳ ಬೇಗ ತೀರ್ಮಾನಿಸುತ್ತಿದ್ದರು. ಹಿಡಿದ ಹಟ ಬಿಡದ ಸ್ವಭಾವ ಅವರನ್ನು ದೊಡ್ಡವರನ್ನಾಗಿಯೂ ಮಾಡಿತು, ಒಂಟಿಯನ್ನಾಗಿಯೂ ಮಾಡಿತು.

ಸೆನೆಟ್ಟಿನ ಕಾಲವನ್ನು ಬೇಗ ದಾಟುತ್ತೇನೆ. 1906ರ ಜನವರಿಯಲ್ಲಿ ಅಲ್ಲಿಗೆ ಹೋದರು. ಮೊದಲ ದೊಡ್ಡ ಭಾಷಣಕ್ಕೆ ಹಿರಿಯ ಸದಸ್ಯರು ಎದ್ದು ಹೊರಗೆ ನಡೆದರು. ಈಗ ತಾತ್ಕಾಲಿಕವಾಗಿ ಖಾಲಿಯಾದ ಕುರ್ಚಿಗಳು ಮುಂದೆ ಕಾಯಮ್ಮಾಗಿ ಖಾಲಿಯಾದಾವು ಎಂದು ಎಚ್ಚರಿಸಿ ಮಾತು ಮುಂದುವರಿಸಿದರು. ಆಮೇಲೆ ಊರೂರಲ್ಲಿ ಸೆನೆಟರುಗಳ ಮತದಾನವನ್ನೂ ಹೆಸರು ಹಿಡಿದು ಓದಿದರು. 1917ರ ಏಪ್ರಿಲ್ 4ರಂದು ಅಮೆರಿಕ ಮಹಾಯುದ್ಧಕ್ಕೆ ಇಳಿಯುವ ನಿರ್ಣಯಕ್ಕೆ 82 ಮತ ಪರ, 6 ವಿರುದ್ಧ. ಆ ಆರರಲ್ಲಿ ಒಬ್ಬರು ಲಾ ಫಾಲೆಟ್. ಅವರನ್ನು ಉಚ್ಚಾಟಿಸಬೇಕೆಂಬ ವಿಚಾರಣೆ ನಡೆಯಿತು. ಅವರು ಬೆಳೆಸಿದ ವಿಶ್ವವಿದ್ಯಾಲಯದ 400ಕ್ಕೂ ಹೆಚ್ಚು ಅಧ್ಯಾಪಕರೇ ಅವರನ್ನು ಖಂಡಿಸಿ ಸಹಿ ಹಾಕಿದರು. 1924ರಲ್ಲಿ ಮೂರನೇ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸುಮಾರು 48 ಲಕ್ಷ ಮತ ಪಡೆದರು, ಗೆದ್ದದ್ದು ವಿಸ್ಕಾನ್ಸಿನ್ ಒಂದನ್ನೇ. ಮರುವರ್ಷ ಜೂನ್ 18ರಂದು ತೀರಿಕೊಂಡರು.

ನಾನು ಬೇಗ ದಾಟಿದ್ದು ಏಕೆಂದರೆ ಮತ್ತೆ 1906ಕ್ಕೆ ಬರಬೇಕಾಗಿತ್ತು. ಅವರು ಸೆನೆಟ್ಟಿಗೆ ಹೊರಟಾಗ ಗವರ್ನರ್ ಕುರ್ಚಿ ಉಪಗವರ್ನರ್ ಜೇಮ್ಸ್ ಡೇವಿಡ್‌ಸನ್ ಪಾಲಾಯಿತು. ನಾರ್ವೆಯಲ್ಲಿ ಹುಟ್ಟಿ ವಲಸೆ ಬಂದವರು, ಸೋಲ್ಜರ್ಸ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಅಂಗಡಿ ಇಟ್ಟಿದ್ದವರು. ಲಾ ಫಾಲೆಟ್ ಅವರಿಗೆ ಇವರು ಸಾಲದೆನಿಸಿತು. ಅವರ ಮನಸ್ಸಿನಲ್ಲಿದ್ದವರು ಅರ್ವಿನ್ ಲೆನ್‌ರೂಟ್. ವಿಧಾನಸಭೆಯ ಸ್ಪೀಕರ್, ರೈಲ್ವೆ ಮಸೂದೆಗಳ ಹೋರಾಟದಲ್ಲಿ ಹೆಗಲು ಕೊಟ್ಟವರು, ಡೇವಿಡ್‌ಸನ್‌ಗಿಂತ ಖಂಡಿತ ಚುರುಕು. ನನ್ನನ್ನು ಕೇಳಿದ್ದರೂ ನಾನು ಲೆನ್‌ರೂಟ್ ಎಂದೇ ಹೇಳುತ್ತಿದ್ದೆ. ಲೆನ್‌ರೂಟ್ ಪರವಾಗಿ ಲಾ ಫಾಲೆಟ್ ರಾಜ್ಯ ಸುತ್ತಿ ಭಾಷಣ ಮಾಡಿದರು.

ಆ ಸೆಪ್ಟೆಂಬರ್‌ನಲ್ಲಿ ವಿಸ್ಕಾನ್ಸಿನ್ ಇತಿಹಾಸದಲ್ಲಿ ಮೊದಲ ಬಾರಿಗೆ ಮತದಾರರು ಸಾಲಾಗಿ ನಿಂತು ಗವರ್ನರ್ ಟಿಕೆಟ್ಟಿಗೆ ತಾವೇ ಮತ ಹಾಕಿದರು. ಕಾಕಸ್ ಇಲ್ಲ, ಪ್ರತಿನಿಧಿ ಇಲ್ಲ, ಬಾಗಿಲಿಗೆ ಮುಳ್ಳುತಂತಿ ಇಲ್ಲ. ಮಷೀನ್ ಯಾರಿಗೆ ಬೇಕು ಎಂದು ಯಾರೂ ಕೇಳಲಿಲ್ಲ, ಲಾ ಫಾಲೆಟ್‌ಗೆ ಯಾರು ಬೇಕು ಎಂದೂ ಕೇಳಲಿಲ್ಲ. ಭಾರಿ ಅಂತರದಿಂದ ಗೆದ್ದವರು ಸೋಲ್ಜರ್ಸ್ ಗ್ರೋವ್‌ನ ಅಂಗಡಿಯವರು.